ಅಮ್ಮ ಕೊಡದೆ ಹೋದ ಕತ್ತಿ

ಆಂಕರೇಜ್ ಆಸ್ಪತ್ರೆ, ಮೂರನೇ ಮಹಡಿ
ಜೂನ್ 3, 1986

ಅಗಾಫಿಯಾ,

ಸೊಂಟಕ್ಕೆ ಕಬ್ಬಿಣ ಕೂರಿಸಿದ್ದಾರೆ. ಡಾಕ್ಟರ್ ಬಂದು ನೋಡಿ ಚೆನ್ನಾಗಿದೆ ಎಂದ. ಚೆನ್ನಾಗಿದ್ದರೆ ಮನೆಗೆ ಕಳಿಸು ಎಂದೆ. ಸೆಪ್ಟೆಂಬರಿಗೆ ನೋಡೋಣ ಎಂದು ನಕ್ಕ. ಅರವತ್ತಮೂರು ವರ್ಷದಲ್ಲಿ ಇದೇ ಮೊದಲ ಸಲ, ಸಾಲ್ಮನ್ ಮೀನು ನಮ್ಮ ಕುಸ್ಕೋಕ್ವಿಮ್ ನದಿಯನ್ನು ಹತ್ತಿ ಬರುವಾಗ ನಾನು ದಂಡೆಯ ಮೇಲಿಲ್ಲ. ಇಲ್ಲಿ ಮಲಗಿ ಚಾವಣಿ ನೋಡುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಸೋದರಮಾವನ ಮಗ ಗೋಲ್ಗನ ಬೇಸಿಗೆಯ ಮೀನುಬಿಡಾರವನ್ನು ಈ ಸಲ ಮಂಜುಗಡ್ಡೆ ಒಡೆದಾಗ ನದಿ ದಂಡೆಸಮೇತ ನುಂಗಿತು. ಅವನ ಮನೆಯಲ್ಲಿ ಒಂಬತ್ತು ಜನ. ನಾನು ಬಿದ್ದ ಮಾರನೇ ದಿನವೇ ಬಂದು ಕೇಳಿದ: "ಅತ್ತೆ, ಮಾವನೂ ಇಲ್ಲ, ಈಗ ನೀವೂ ಇರಲ್ಲ. ನಿಮ್ಮ ಬಿಡಾರಕ್ಕೆ ನಾವು ಹೋಗ್ಲಾ?" ಕೇಳಿದ್ದು ನ್ಯಾಯವಾಗಿಯೇ ಇತ್ತು. ಯಾರೂ ಮೀನು ಒಣಗಿಸದ ಬಿಡಾರವನ್ನು ನಮ್ಮದು ಎಂದು ಹೇಳಿಕೊಳ್ಳುವುದಕ್ಕೆ ನಮಗೆ ನಾಚಿಕೆಯಾಗಬೇಕು. ಆದರೆ ಅಷ್ಟರಲ್ಲಿ ಬೆಥೆಲ್ ಪೇಟೆಯಿಂದ ನೀನು ಓಡಿ ಬಂದು, "ಬಿಡಾರ ಕೊಡ್ಬೇಡಮ್ಮ, ಸ್ಕೂಲಿನ ಅಡುಗೆಮನೆ ಕೆಲಸಕ್ಕೆ ರಜ ಹಾಕ್ತೀನಿ, ನಾನೂ ಸಿಮಿಯೊನ್ನೂ ಕಲೀತೀವಿ" ಎಂದೆ. ನೋವಿನಲ್ಲಿ ನನಗೆ ನಗಲೂ ಆಗಲಿಲ್ಲ.

ಗೋಲ್ಗನಿಗೆ ಹೇಳಿ ಬಂದಿದ್ದೇನೆ. ಆಗಸ್ಟ್ ಹೊತ್ತಿಗೆ ಹೊಗೆಮನೆಯ ಮೂರು ಸಾಲು ಗಳಗಳೂ ಒಣಮೀನಿನಿಂದ ತುಂಬಿರಬೇಕು, ಮೀನು ನೋಡಿದರೆ ನನ್ನ ಮನಸ್ಸಿಗೆ ಒಪ್ಪಬೇಕು. ಹಾಗಾದರೆ ಬಿಡಾರ ನಿಮ್ಮದು. ಇಲ್ಲದಿದ್ದರೆ ಗೋಲ್ಗನದು. ಆಮೇಲೆ ಅಳಬೇಡ.

ಬಲೆ ನಿನ್ನ ಗಂಡ ಸಿಮಿಯೊನ್‌ನದು, ಕೊಯ್ಯುವುದು ನಿನ್ನದು. ನಮ್ಮ ದಂಡೆಯಲ್ಲಿ ಗಂಡಸು ಕೂತು ಮೀನು ಕೊಯ್ದದ್ದನ್ನು ನಾನಂತೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಆ ಕಡಲ ಕಡೆಯವನು ಸೂಪು ಕುಡಿಯುವುದೇ ಎಡಗೈಯಲ್ಲಿ. ಬಲೆ ಯಾವ ಕೈಯಲ್ಲಿ ಬಿಡುತ್ತಾನೋ ದೇವರಿಗೇ ಗೊತ್ತು.

ನನ್ನ ಉಲುವಾಕ್ ಹುಡುಕಬೇಡ. ಆ ಅರ್ಧಚಂದ್ರದ ಕತ್ತಿ ನನ್ನ ದಿಂಬಿನ ಕೆಳಗೇ ಇದೆ. ನರ್ಸ್ ಅದನ್ನು ಕಿತ್ತುಕೊಳ್ಳಲು ಬಂದಳು. ಪಕ್ಕದ ಮಂಚದವಳ ಬೈಬಲ್ ಮೊದಲು ಕಿತ್ತುಕೋ, ಆಮೇಲೆ ಇದು ಎಂದೆ. ನಿಮ್ಮಪ್ಪ ನನ್ನ ಅಂಗೈ ಅಳತೆ ತೆಗೆದು ಹಿಡಿ ಕೆತ್ತಿದ ಕತ್ತಿ ಅದು. ಕೊಯ್ಯಲು ಬಲ್ಲವರ ಕೈಗೆ ಮಾತ್ರ ಹೋಗುತ್ತದೆ. ನೀನು ಕಪಾಟಿನಲ್ಲಿರುವ ಅಂಗಡಿ ಕತ್ತಿಯಲ್ಲಿ ಕಲಿ.

ಮೊದಲ ಮೀನು ಪೂರ್ತಿ ಹಿರಿಯರಿಗೆ. ಬಾಲವನ್ನೂ ಇಟ್ಟುಕೊಳ್ಳಬೇಡ.

ಅಮ್ಮ ಮತ್ರೋನಾ


ಬಿಡಾರ
ಜೂನ್ 14

ಅಮ್ಮಾ,

ಸಿಕ್ಕಿತು! ಕಿಂಗ್ ಸಾಲ್ಮನ್! ನನ್ನ ಸೊಂಟದವರೆಗೆ ಬರುತ್ತದೆ, ಸುಳ್ಳಲ್ಲ, ಪಕ್ಕದಲ್ಲಿ ನಿಂತು ಅಳೆದೆ. ಮಂಡಿಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಮೊದಲು ಬೈಸಿಕೊಳ್ಳುವ ವಿಷಯ ಹೇಳಿ ಮುಗಿಸುತ್ತೇನೆ. ಮೊದಲನೇ ದಿನ ಸಿಮಿಯೊನ್ ತೇಲುಬಲೆಯನ್ನು ನದಿಗೆ ಅಡ್ಡವಾಗಿ ಬಿಟ್ಟ, ನಾನು ಮೋಟಾರಿನ ಹತ್ತಿರ ಕೂತೆ. ದೋಣಿ, ಬಲೆ ಎರಡೂ ಜೊತೆಜೊತೆಯಾಗಿ ತೇಲುತ್ತಿದ್ದವು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಮೀನಿನ ಹಿಂದೆ ಕಡಲಿಂದ ಬಂದ ಒಂದು ಸೀಲ್ ಪ್ರಾಣಿ ತಲೆ ಎತ್ತಿತು. ಕಡಲ ಕಡೆಯ ಬೇಟೆಗಾರನಲ್ಲವೇ, ಅವನಿಗೆ ಹುಚ್ಚು ಹಿಡಿಯಿತು. "ಅಗಾಫಿಯಾ, ಸೀಲ್! ಬಿಡ್ಬೇಡ, ತಿರುಗ್ಸು ತಿರುಗ್ಸು!" ಎಂದು ಬಲೆಯ ಹಗ್ಗ ಬಿಟ್ಟು ಈಟಿಗೆ ಕೈ ಹಾಕಿದ. ನನಗೂ ಬುದ್ಧಿ ಇರಲಿಲ್ಲ, ತಿರುಗಿಸಿದೆ. ಸೀಲ್ ನಮ್ಮನ್ನು ನೋಡಿ ಮುಳುಗಿತು. ಬಲೆ ಹೋಗಿ ಮುಳುಗಿದ ಮರಕ್ಕೆ ಸುತ್ತಿಕೊಂಡಿತು. ಬಿಡಿಸಿದವನು ಗೋಲ್ಗ. ಬಿಡಿಸಿದ ಮೇಲೆ ದೋಣಿಯ ರೇಡಿಯೊದಲ್ಲಿ ಇಡೀ ನದಿಗೆ ಕೇಳುವ ಹಾಗೆ, "ನಮ್ಮ ಅಗಾಫಿಯಾ ಗಂಡ ಬಲೇಲಿ ಮರ ಹಿಡಿದಿದ್ದಾನೆ, ಕೊಯ್ಯೋಕೆ ಗರಗಸ ತಗೊಂಡ್ ಬನ್ನಿ" ಎಂದ. ಮೂರು ದಿನ ಕೂತು ಹರಿದ ಬಲೆ ಹೆಣೆದೆವು.

ಈಗ ಇವತ್ತಿನ ಮಾತು. ಒಂಟಿ ಸ್ಪ್ರೂಸ್ ಮರದ ತಿರುವು ದಾಟುತ್ತಿದ್ದ ಹಾಗೆ ಹಗ್ಗ ಅಂಗೈಯಲ್ಲಿ ಒಮ್ಮೆ ಮಿಡಿಯಿತು. ಬಲೆಯನ್ನು ತೇಲಿಸುವ ಬೆಂಡುಗಳು ಇನ್ನೂ ಅಲ್ಲಾಡಿಯೇ ಇರಲಿಲ್ಲ. ಬಂತು, ಬಂತು ಎಂದು ಕಿರುಚಿದ ಮೇಲೆ ನಾಲ್ಕು ಬೆಂಡು ಒಟ್ಟಿಗೆ ಮುಳುಗಿದವು! ಎಳೆದರೆ ಬರುವುದಿಲ್ಲ, ಬಿಟ್ಟರೆ ಹೋಗುತ್ತದೆ. ದೋಣಿಯ ಅಂಚಿಗೆ ಮಂಡಿ ಕೊಟ್ಟು ಎಳೆದು ಒಳಗೆ ಹಾಕಿಕೊಂಡಾಗ ಅದು ಬಾಲದಿಂದ ಸಿಮಿಯೊನ್ ಕೆನ್ನೆಗೆ ಬಾರಿಸಿತು. ಇಬ್ಬರೂ ಮೀನಿನ ಮೇಲೆ ಬಿದ್ದು ನಕ್ಕೆವು. ನಾವು ಮೀನು ಹಿಡಿದೆವು, ಅಮ್ಮ!

ನೀನು ಹೇಳಿದ ಹಾಗೆ ಪೂರ್ತಿ ಮೀನನ್ನು ಹಳ್ಳಿಯ ಹಣ್ಣುಮುದುಕಿ ಅನೀಸಾಜ್ಜಿಗೆ ಕೊಟ್ಟು ಬಂದೆವು. ಅಜ್ಜಿ ಅಲ್ಲೇ ತಲೆ ಬೇಯಿಸಲು ಇಟ್ಟಳು. ಆ ವಾಸನೆಗೆ ಸಿಮಿಯೊನ್ ಹೊಟ್ಟೆ ಗುರುಗುಟ್ಟಿದ್ದು ಅವಳಿಗೂ ಕೇಳಿಸಿತು. ನಾವು ವಾಪಸು ಬಂದು ಗಟ್ಟಿ ಬಿಸ್ಕತ್ತು ಚಹಾದಲ್ಲಿ ಅದ್ದಿ ತಿಂದೆವು.

ಇನ್ನು ಕೊಯ್ಯುವುದನ್ನು ನೆನೆದರೆ ಹೆದರಿಕೆಯಾಗುತ್ತದೆ. ಚಿಕ್ಕವಳಿದ್ದಾಗ ನೀನು ಒಂದು ದಿನವೂ ನನ್ನ ಕೈಗೆ ಕತ್ತಿ ಕೊಡಲಿಲ್ಲವಲ್ಲ. "ತಾ ಇಲ್ಲಿ, ಮೀನು ಹಾಳು ಮಾಡ್ತೀಯ" ಎಂದು ಕಿತ್ತುಕೊಂಡು ನೀರು ತರಲು ಓಡಿಸುತ್ತಿದ್ದೆ. ಇರಲಿ ಬಿಡು. ಈಗ ಕಲಿಯುತ್ತೇನೆ.

ನಿನ್ನ ಅಗಾಫಿಯಾ


ಆಂಕರೇಜ್
ಜೂನ್ 21

ಅಗಾಫಿಯಾ,

ಹಿಡಿದೆವು ಎಂದರೆ ಯಾರು? ದೋಣಿಯಲ್ಲಿ ಇಬ್ಬರಿರುತ್ತಾರೆ, ಹಗ್ಗ ಇರುವುದು ಒಬ್ಬರ ಕೈಯಲ್ಲಿ.

ಸೀಲ್ ಕತೆಯನ್ನು ನನ್ನ ಕೋಣೆಯ ಮೂವರು ಮುದುಕಿಯರಿಗೆ ಓದಿ ಹೇಳಿದೆ. ಮೂವರೂ ನಮ್ಮ ನದಿಯವರೇ, ಬೇರೆ ಬೇರೆ ಹಳ್ಳಿ. ಲುಕೇರಿಯಾ ಎಂಬವಳು ನಕ್ಕ ನಗೆಗೆ ಅವಳ ಹೊಲಿಗೆ ಬಿಚ್ಚಿಹೋಗುತ್ತದೆಂದು ನರ್ಸ್ ನನ್ನನ್ನು ಬೈದಳು. ಕಡಲ ಕಡೆಯವನನ್ನು ಮದುವೆಯಾಗಬೇಡ ಎಂದು ನಾನು ಹೇಳಿರಲಿಲ್ಲ, ಹೇಳಬೇಕಿತ್ತು.

ಈಗ ಗಮನವಿಟ್ಟು ಓದು. ಬೆನ್ನುಮೂಳೆಗೆ ಕತ್ತಿ ತಾಗಿಸಿಕೊಂಡೇ ಹೋಗಬೇಕು. ಮೂಳೆಯ ಮೇಲೆ ಮಾಂಸ ಉಳಿದರೆ ಅದು ನೊಣಕ್ಕೆ ಊಟ. ಎರಡು ಹೋಳು, ಬಾಲದಲ್ಲಿ ಕೂಡಿರಬೇಕು, ಗಳದ ಮೇಲೆ ನೇತುಹಾಕಲು. ಮಾಂಸಕ್ಕೆ ಓರೆಯಾಗಿ ಗೀರು ಹಾಕು, ತೊಗಲು ತೂತಾಗಬಾರದು. ಗೀರು ದೂರ ದೂರವಾದರೆ ಒಳಗೆ ಹುಳಿಯುತ್ತದೆ, ಹತ್ತಿರವಾದರೆ ಹರಿದು ಬೀಳುತ್ತದೆ. ಎಷ್ಟು ದೂರ ಎಂದು ಕೇಳಬೇಡ. ನನ್ನ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.

ಮೊದಲು ಗಾಳಿ, ಆಮೇಲೆ ಹೊಗೆ.

ಅಮ್ಮ


ಜೂನ್ 23
ಗೋಲ್ಗನಿಗೆ, ಅನೀಸಾಜ್ಜಿಯ ಮೊಮ್ಮಗಳ ದೋಣಿಯಲ್ಲಿ

ಲೇ ಗೋಲ್ಗ,

ನಿನ್ನೆ ನೀನು ಹೇಳದೆ ಕೇಳದೆ ಬಿಡಾರಕ್ಕೆ ಬಂದು ಕಂಡದ್ದನ್ನು ರೇಡಿಯೊದಲ್ಲಿ ಬಾಯಿ ಬಿಟ್ಟರೆ ನಿನ್ನ ಕತೆ ಮುಗಿಯಿತು.

ಹೌದು, ಸಿಮಿಯೊನ್ ಕೊಯ್ಯುತ್ತಿದ್ದ. ಹೌದು, ನನ್ನ ಹೂವಿನ ಏಪ್ರನ್ ಹಾಕಿಕೊಂಡಿದ್ದ. ಏನೀಗ? ಸೀಲ್ ಗಲಾಟೆ ಆದ ಮೇಲೆ ಹಗ್ಗ ನಾನು ತೆಗೆದುಕೊಂಡೆ. ಎಳೆದರೆ ಮೀನು ಬರುತ್ತದೆ ಕಣೋ! ಯಾಕೆಂದು ನನಗೂ ಗೊತ್ತಿಲ್ಲ. ಅದೇ ಕೊಯ್ಯಲು ಕೂತರೆ ಗೀರು ಹಾಕಲು ಹೋಗಿ ತೊಗಲನ್ನೇ ಜರಡಿ ಮಾಡುತ್ತೇನೆ. ಒಂದು ದಿನ ಐದು ಮೀನು ಹಾಳು ಮಾಡಿ ಅಳುತ್ತ ಕೂತಿದ್ದೆ. ಅವನು ಬಂದು ಕತ್ತಿ ಎತ್ತಿಕೊಂಡ. ಅವನನ್ನು ಸಾಕಿದ್ದು ಒಬ್ಬಳೇ ಅಜ್ಜಿ, ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ಒಣಗಿಸಲು ಹುಲ್ಲಿನ ಜಡೆಯಲ್ಲಿ ಹೆರಿಂಗ್ ಮೀನು ಹೆಣೆದು ಬೆಳೆದ ಕೈ ಅದು. ಮೂರನೇ ಕಿಂಗ್ ಹೊತ್ತಿಗೆ ಮೂಳೆಯ ಮೇಲೆ ಒಂದೆಳೆ ಮಾಂಸವೂ ಉಳಿದಿರಲಿಲ್ಲ.

ಅಮ್ಮನಿಗೆ ಗೊತ್ತಾದರೆ ಬಿಡಾರ ಹೋಯಿತು. ಬಿಡಾರ ನಿನಗೇ ಬರುತ್ತದೆ ಎಂದು ನನಗೂ ಗೊತ್ತು. ಆದರೂ ಕೇಳುತ್ತಿದ್ದೇನೆ, ಹೇಳಬೇಡ. ಆರು ಮೀನುತಲೆ ಕಳಿಸಿದ್ದೇನೆ, ಮಕ್ಕಳಿಗೆ ಸೂಪು ಮಾಡಿಸು.

ಅಗಾಫಿಯಾ


(ಬಿಸ್ಕತ್ತಿನ ಡಬ್ಬದ ರಟ್ಟಿನ ಮೇಲೆ)
ಜೂನ್ 24

ಅಗಾಫಿಯಾ ರಾಣಿಯವರಿಗೆ,

ತಲೆ ತಲುಪಿದವು. ಆರರಲ್ಲಿ ಒಂದಕ್ಕೆ ಕಣ್ಣಿರಲಿಲ್ಲ, ಲಂಚದಲ್ಲೂ ಮೋಸ ಮಾಡುತ್ತೀಯ. ಭಾವನಿಗೆ ಹೂವಿನ ಏಪ್ರನ್ ಚೆನ್ನಾಗಿ ಒಪ್ಪುತ್ತದೆ, ನೀಲಿ ತಲೆವಸ್ತ್ರವೊಂದು ಕೊಡಿಸು.

ನಾನು ಹೇಳುವುದಿಲ್ಲ. ಬಿಡಾರ ಬೇಕು ನಿಜ, ಡೇರೆಯಲ್ಲಿ ಒಂಬತ್ತು ಜನ ಸೊಳ್ಳೆಗೆ ಊಟವಾಗಿದ್ದೇವೆ. ಆದರೆ ಭಾವನ ಏಪ್ರನ್ ತೋರಿಸಿ ಗೆದ್ದೆ ಎಂದರೆ ನನ್ನ ಹೆಂಡತಿಯೇ ಮನೆಗೆ ಸೇರಿಸುವುದಿಲ್ಲ.

ಒಂದು ಮಾತು. ಅತ್ತೆಗೆ ಯಾರೂ ಹೇಳಬೇಕಾಗಿಲ್ಲ. ನೇತುಹಾಕಿದ ಮೀನನ್ನು ದೋಣಿಯಿಂದಲೇ ನೋಡಿ ಇದು ಇಂಥವಳ ಕೈ ಎನ್ನುವ ಹೆಂಗಸರು ಅವರು. ಹುಷಾರು.

ಗೋಲ್ಗ


ಬಿಡಾರ
ಜುಲೈ 6

ಅಮ್ಮಾ,

ಎರಡು ಸಾಲು ತುಂಬಿದವು! ಕಿಂಗ್ ಮುಗಿಯುತ್ತ ಬಂದವು, ಈಗ ಕೆಂಪು ಸಾಲ್ಮನ್ ಬರುತ್ತಿವೆ. ನಿನ್ನೆ ಒಂದೇ ಸಲಕ್ಕೆ ಮೂವತ್ತೊಂದು! ಬೆಂಡುಗಳೆಲ್ಲ ಕುಣಿಯುತ್ತಿದ್ದವು. ದೋಣಿಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಹಾಡುತ್ತ ಎಳೆದೆ, ಹಾಡು ನಿಲ್ಲಿಸಿದರೆ ಇನ್ನೂ ಬರುತ್ತವೆ ಎಂದ ಸಿಮಿಯೊನ್. ಬೆಳಗ್ಗೆ ಎದ್ದ ಕೂಡಲೇ ನದಿಯ ಬಣ್ಣ ನೋಡುತ್ತೇನೆ. ಇಷ್ಟು ವರ್ಷ ಸ್ಕೂಲಿನ ಅಡುಗೆಮನೆಯಲ್ಲಿ ಡಬ್ಬಿಯ ಹುರುಳಿಕಾಯಿ ಬಿಸಿಮಾಡುತ್ತ ಏನು ಮಾಡುತ್ತಿದ್ದೆನೋ ನಾನು!

ಒಂದು ನಷ್ಟವಾಯಿತು, ಮುಚ್ಚಿಡುವುದಿಲ್ಲ. ನೀನು ಮೊದಲು ಗಾಳಿ ಎಂದಿದ್ದೆ, ಗಾಳಿಗೆ ನಾಲ್ಕು ದಿನ ಬಿಟ್ಟೆವು. ಆಮೇಲೆ ಹೊಗೆ. ಸಿಮಿಯೊನ್ ಊರಿನಲ್ಲಿ ಮರವೇ ಇಲ್ಲವಲ್ಲ, ಕಡಲು ತಂದು ಹಾಕಿದ ಕಟ್ಟಿಗೆಯನ್ನು ಒಂದೊಂದಾಗಿ ಹೆಕ್ಕಿ ಉರಿಸಿದವನು. ಇಲ್ಲಿ ಆಲ್ಡರ್ ಕಟ್ಟಿಗೆಯ ರಾಶಿ ಕಂಡು ಸಡಗರ ಬಂದು ಹೊಗೆಮನೆಯಲ್ಲಿ ಧಗಧಗ ಬೆಂಕಿ ಹಾಕಿದ. ಮೀನು ಬೆಚ್ಚಗಿರಲಿ ಎಂದಂತೆ! ನಾನು ನೀರು ತಂದು ಬರುವಷ್ಟರಲ್ಲಿ ಧೊಪ್ ಧೊಪ್ ಎಂದು ಸದ್ದು. ಎಂಟು ಕಿಂಗ್ ಬೆಂದು ತೊಗಲಿನಿಂದ ಕಳಚಿ ನೆಲಕ್ಕೆ ಬಿದ್ದವು. ಅವನು ಅಲ್ಲೇ ಕೂತುಬಿಟ್ಟ. "ಅತ್ತೆಗೆ ಬರೀಬೇಡ, ಪ್ಲೀಸ್" ಎಂದ. ಬರೆಯುತ್ತಿದ್ದೇನೆ. ಒಂದು ಚೂರೂ ಬಿಸಾಡಲಿಲ್ಲ, ಎರಡು ದಿನ ಅದನ್ನೇ ಸೀಲ್ ಎಣ್ಣೆಯಲ್ಲಿ ಅದ್ದಿಕೊಂಡು ತಿಂದೆವು, ಉಳಿದದ್ದು ನಾಯಿಗಳಿಗೆ. ಈಗ ಬೆಂಕಿ ಕಣ್ಣಿಗೆ ಕಾಣದಷ್ಟು ಸಣ್ಣದು, ಹೊಗೆ ಮಾತ್ರ.

ಮೂರನೇ ಸಾಲು ತುಂಬೇ ತುಂಬುತ್ತದೆ, ನೋಡುತ್ತಿರು.

ಅಗಾಫಿಯಾ


ಆಂಕರೇಜ್
ಜುಲೈ 15

ಅಗಾಫಿಯಾ,

ಎಂಟು ಕಿಂಗ್! ಓದಿ ನನ್ನ ಸೊಂಟದ ಕಬ್ಬಿಣವೂ ಬಿಸಿಯಾಯಿತು. ಮದುವೆಯಾದ ಹೊಸತರಲ್ಲಿ ನಾನೂ ಹನ್ನೊಂದು ಕೆಡವಿದ್ದೆ. ಇದನ್ನು ನಿನ್ನ ಗಂಡನಿಗೆ ಹೇಳಬೇಡ.

ಈಗ ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯುತ್ತೇನೆ. ಊಟಕ್ಕೆ ಬೆಳ್ಳಗಿನ ಮೀನು ಕೊಡುತ್ತಾರೆ, ರುಚಿಯೂ ಇಲ್ಲ, ಮೂಳೆಯೂ ಇಲ್ಲ. ಮೂಳೆ ಇಲ್ಲದ ಮೀನನ್ನು ನಂಬುವುದು ಹೇಗೆ ಎಂದು ಲುಕೇರಿಯಾ ತಟ್ಟೆ ದೂಡುತ್ತಾಳೆ.

ಸಾಲು ತುಂಬಿತು ಎಂದು ನೀನು ಬರೆದರೆ ಸಾಲದು. ತಿಂಗಳ ಕೊನೆಗೆ ಒಣಗಿದ ಮೀನು ಅಂಚೆ ವಿಮಾನದಲ್ಲಿ ಕಳಿಸು. ಅದನ್ನು ನೋಡಿ ಬಿಡಾರ ಯಾರಿಗೆಂದು ಬರೆಯುತ್ತೇನೆ. ಗೋಲ್ಗನಿಗೂ ಹೀಗೇ ತಿಳಿಸಿದ್ದೇನೆ.

ಅಮ್ಮ


ಬಿಡಾರ
ಜುಲೈ 28

ಅಮ್ಮಾ,

ಮೂರನೇ ಸಾಲೂ ತುಂಬಿತು! ಕೊನೆಯ ಗಳಕ್ಕೆ ಕೊನೆಯ ಮೀನು ಏರಿಸಿದಾಗ ಸಿಮಿಯೊನ್ ನನ್ನನ್ನೇ ಎತ್ತಿ ಗಳಕ್ಕೆ ಹಾಕಲು ಬಂದ. ಹೊಗೆಮನೆಯ ಬಾಗಿಲು ತೆರೆದರೆ ಮೇಲಿಂದ ಕೆಳಗಿನವರೆಗೆ ಕೆಂಪೇ ಕೆಂಪು, ಎಣ್ಣೆ ತೊಟ್ಟಿಕ್ಕುತ್ತಿದೆ. ಸುಮ್ಮನೆ ಹೋಗಿ ನಿಂತು ನೋಡಿ ಬರುತ್ತೇನೆ, ದಿನಕ್ಕೆ ಹತ್ತು ಸಲ.

ಎರಡು ಮೀನು ಕಳಿಸಿದ್ದೇನೆ. ಎರಡೂ ನಮ್ಮ ಗಳದವೇ. ಚಿಕ್ಕದು ನಾನು ಬಹಳ ನಿಧಾನವಾಗಿ ಕೊಯ್ದದ್ದು.

ಇದರ ಕೆಳಗೆ ಇನ್ನೂ ಎರಡು ಸಾಲು ಬರೆದಿದ್ದೆ, ಮಸಿ ಬಳಿದಿದ್ದೇನೆ. ಬೆಳಕಿಗೆ ಹಿಡಿದು ಓದಲು ನೋಡಬೇಡ.

ಅಮ್ಮಾ, ಇದು ಬಿಡಾರದ ಆಸೆಯಷ್ಟೇ ಅಲ್ಲ ಈಗ. ಬೇಸಿಗೆಯಲ್ಲಿ ಬೇರೆ ಎಲ್ಲಿಯೂ ಇರಲು ನನಗೆ ಇಷ್ಟವಿಲ್ಲ. ಅವನಿಗೂ ಇಲ್ಲ. ಬೇಗ ಬರೆ.

ಅಗಾಫಿಯಾ


ಆಂಕರೇಜ್
ಆಗಸ್ಟ್ 9

ಅಳಿಯ ಸಿಮಿಯೊನ್‌ಗೆ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಹೆಸರು ಬರೆಯುವಾಗ ಎರಡು ಸಲ ನಿಲ್ಲಿಸಿದೆ. ಅಗಾಫಿಯಾ ಪಕ್ಕದಲ್ಲಿದ್ದರೆ ಅವಳಿಗೂ ಓದಿ ಹೇಳು, ಇಲ್ಲದಿದ್ದರೆ ಕರೆದು ಕೂರಿಸಿಕೊ.

ಕಟ್ಟು ಮೊನ್ನೆ ಬಂತು. ಕೋಣೆಯೆಲ್ಲ ಹೊಗೆಯ ವಾಸನೆ. ನರ್ಸ್ ಓಡಿ ಬಂದಳು, ಏನೋ ಸುಡುತ್ತಿದೆ ಎಂದು. ಮುದುಕಿಯರೆಲ್ಲ ಎದ್ದು ಕೂತರು, ತಿಂಗಳಿಂದ ಏಳದವಳೂ ಎದ್ದಳು. ಮೀನು ಮಂಚದಿಂದ ಮಂಚಕ್ಕೆ ಹೋಯಿತು. ಚಿಕ್ಕದನ್ನು ನೋಡಿ ಲುಕೇರಿಯಾ, "ಪಾಪ, ಹೆದರ್ಕೊಂಡು ಕೊಯ್ದಿದ್ದಾಳೆ ಕಣೆ, ಗೀರು ನಡುಗಿವೆ" ಎಂದಳು. ಅದು ನನ್ನ ಮಗಳ ಕೈ ಎಂದೆ. ಆಮೇಲೆ ದೊಡ್ಡದು ಅವಳ ಕೈಗೆ ಹೋಯಿತು. ಮೂಗಿಗೆ ಹಿಡಿದಳು, ಬೆಳಕಿಗೆ ಹಿಡಿದಳು, ಗೀರಿನ ಮೇಲೆ ಬೆರಳಾಡಿಸಿದಳು.

"ಇದ್ಯಾರ ಕೈಯೇ ಮತ್ರೋನಾ? ಓರೆ ಉಲ್ಟಾ ಇದೆ. ನಮ್ಮ ಕಡೆ ಎಡಚಿ ಹೆಂಗಸು ಯಾರಿದ್ದಾರೆ?"

ನಾನು ಕಟ್ಟು ಬಿಚ್ಚಿದಾಗಲೇ ಕಂಡಿದ್ದೆ. ನನ್ನ ಮನೆಯಲ್ಲಿ ಎಡಗೈಯಲ್ಲಿ ಚಮಚ ಹಿಡಿಯುವವನು ಒಬ್ಬನೇ. ಸಿಟ್ಟು ಬರುತ್ತದೆ ಎಂದು ಕಾದೆ, ಬರಲಿಲ್ಲ. ನನ್ನದೇ ಗೀರು ನೋಡಿದ ಹಾಗಾಯಿತು, ಕನ್ನಡಿಯಲ್ಲಿ.

"ಅದು ನನ್ನ ಅಳಿಯ," ಎಂದೆ, "ಕಡಲ ಕಡೆಯವನು."

ಮೂವರೂ ಹೋ ಎಂದು ನಕ್ಕರು. ನಕ್ಕು ಮುಗಿದ ಮೇಲೆ ಲುಕೇರಿಯಾ, "ನಿನ್ನ ಅಳಿಯಂಗೆ ತಮ್ಮ ಇದ್ದಾನಾ? ನನ್ನ ಮೊಮ್ಮಗಳು ಒಬ್ಬಳಿದ್ದಾಳೆ" ಎಂದಳು. ನನಗೆ ಹೆಮ್ಮೆಯಾಯಿತು ಸಿಮಿಯೊನ್. ಇಷ್ಟು ದಿನ ನಿನ್ನನ್ನು ಆಡಿಕೊಂಡ ಬಾಯಿಯಿಂದಲೇ ಹೇಳುತ್ತಿದ್ದೇನೆ.

ಅಗಾಫಿಯಾಳಿಗೆ: ಕತ್ತಿ ಕೊಟ್ಟಿದ್ದರೆ ನೀನೂ ಕಲಿಯುತ್ತಿದ್ದೆಯೋ ಏನೋ. ನನಗೆ ಯಾವಾಗಲೂ ಅವಸರ, ಪ್ರತಿ ಬೇಸಿಗೆಯೂ ನಿನ್ನ ಕೈಯಿಂದ ಕಿತ್ತುಕೊಂಡೆ. ತಪ್ಪು ನನ್ನದು, ಮಗಳೇ. ಆದರೆ ಬೆಂಡು ಅಲ್ಲಾಡುವ ಮೊದಲೇ ಹಗ್ಗ ಅಂಗೈಯಲ್ಲಿ ಮಿಡಿಯಿತು ಎಂದು ಬರೆದೆಯಲ್ಲ, ಅದು ಹಗ್ಗ ಹಿಡಿದವರಿಗಲ್ಲದೆ ಗೊತ್ತಾಗುವುದಿಲ್ಲ. ನಿಮ್ಮಪ್ಪ ಇದೇ ಮಾತು ಹೇಳುತ್ತಿದ್ದ. ಆ ಕಾಗದವನ್ನು ಅವತ್ತಿನಿಂದ ಬೈಬಲ್‌ನವಳಿಗೂ ಕೊಡದೆ ಇಟ್ಟುಕೊಂಡಿದ್ದೇನೆ. ಮಸಿ ಬಳಿದ ಸಾಲು ಓದಲಿಲ್ಲ. ಓದಲು ನೋಡಿದೆ, ಆಗಲಿಲ್ಲ.

ಬಿಡಾರ ನಿಮ್ಮದು. ಗೋಲ್ಗನ ಡೇರೆ ಕೆಳಗಿನ ದಂಡೆಗೆ ಬರಲಿ, ಮುಂದಿನ ವರ್ಷ ಹೊಗೆಮನೆಯ ಒಂದು ಸಾಲು ಅವನಿಗೆ ಬಿಡಿ, ಇನ್ನೊಂದು ಸಾಲು ಎಲ್ಲರೂ ಸೇರಿ ಕಟ್ಟಿ. ಸಿಮಿಯೊನ್, ಮುಂದಿನ ಬೇಸಿಗೆ ನೀನು ಕೊಯ್ಯುವಾಗ ನಾನು ನಿನ್ನ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತೇನೆ. ಸುಮ್ಮನೆ ಎಂದದ್ದು ಸುಳ್ಳು, ಮಾತಾಡುತ್ತೇನೆ.

ಈ ಕಾಗದದ ಜೊತೆ ಟವೆಲಿನಲ್ಲಿ ಸುತ್ತಿದ್ದು ನನ್ನ ಉಲುವಾಕ್. ಬಿಚ್ಚುವಾಗ ಹುಷಾರು, ಇಲ್ಲಿ ದಿನಾ ಮಸೆಯುತ್ತಿದ್ದೆ. ಹಿಡಿ ನಿನ್ನ ಅಂಗೈಗೆ ಚಿಕ್ಕದಾಗುತ್ತದೆ. ಮಾವನ ಪೆಟ್ಟಿಗೆಯಲ್ಲಿ ವಾಲ್ರಸ್ ದಂತದ ತುಂಡಿದೆ, ಎಡಗೈಗೆ ಒಗ್ಗುವ ಹಾಗೆ ಹೊಸದು ಕೆತ್ತಿಕೊ. ಹಳೆಯ ಹಿಡಿಯನ್ನು ಮಾತ್ರ ಎಸೆಯಬೇಡ, ನನಗೆ ವಾಪಸು ಕಳಿಸು. ದಿಂಬಿನ ಕೆಳಗೆ ಕೈ ಹಾಕಿದರೆ ಖಾಲಿ ಖಾಲಿ ಅನಿಸುತ್ತಿದೆ.

ನಿನ್ನ ಅತ್ತೆ
ಮತ್ರೋನಾ